ಅಂಗಾಲಿನ ಮೆಲನೋಮಾ, ಮೇಣದ ಬ್ಲಾಕ್ ಮತ್ತು ನನ್ನ ಇಪ್ಪತ್ತು ವರ್ಷ

2004ರಲ್ಲಿ ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿ ಎಂ.ಡಿ. ಓದುತ್ತಿದ್ದಾಗ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಾಲಿನ್ ತುಂಬಿದ ಡಬ್ಬಿಯಲ್ಲಿ ಕಾಲಿನ ಹೆಬ್ಬೆರಳೊಂದು ನನ್ನ ಮೇಜಿಗೆ ಬಂತು. ಅದು ಒಬ್ಬ ರೈತರದು. ಉಗುರಿನ ಬುಡದಲ್ಲಿ ಕಪ್ಪಾಗಿದ್ದುದನ್ನು ಉಗುರುಸುತ್ತು ಎಂದುಕೊಂಡು ಅವರು ಒಂದೂವರೆ ವರ್ಷ ಮುಲಾಮು ಹಚ್ಚಿಕೊಂಡಿದ್ದರು, ಒಮ್ಮೆ ಉಗುರನ್ನೂ ಕೀಳಿಸಿಕೊಂಡಿದ್ದರು. ಬೆರಳಿನೊಳಗೆ ಮೂಳೆಯಿದ್ದುದರಿಂದ, ನಮಗೆ ಕಲಿಸಿದ್ದ ಪದ್ಧತಿಯಂತೆ ಇಡೀ ತುಂಡನ್ನು ನೈಟ್ರಿಕ್ ಆಮ್ಲದಲ್ಲಿ ಇರಿಸಿ, ಮೂಳೆ ಮೆತ್ತಗಾದ ಮೇಲೆ ಕತ್ತರಿಸಿ, ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡಿ, ಅದರ ತೆಳು ಪದರದ ಸ್ಲೈಡ್ ನೋಡಿ ಮೆಲನೋಮಾ ಎಂದು ವರದಿ ಬರೆದೆ. ವರದಿ ಸರಿಯಾಗಿಯೇ ಇತ್ತು. ಆ ದಿನ ಆಮ್ಲದಲ್ಲಿ ನಾನು ಏನನ್ನು ಹಾಳುಮಾಡಿದ್ದೆ ಎಂಬುದು ನನಗೆ ತಿಳಿಯಲು ಆರು ವರ್ಷ ಬೇಕಾಯಿತು.

ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಎಂಬ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಮೆಲನೋಮಾ. ಭಾರತದ ಕ್ಯಾನ್ಸರ್ ನೋಂದಣಿಗಳಲ್ಲಿ ಇದು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಬರುವ ರೋಗ. ಆಸ್ಟ್ರೇಲಿಯಾದಲ್ಲಿ ಅದೇ ಲೆಕ್ಕ ಲಕ್ಷಕ್ಕೆ 30ಕ್ಕೂ ಹೆಚ್ಚು. ಹಾಗಾಗಿ ಇದನ್ನೇ ಅಧ್ಯಯನ ಮಾಡಬೇಕೆಂದು ತೀರ್ಮಾನಿಸಿದಾಗ ಸಿಡ್ನಿಗೆ ಹೋಗುವುದು ಸಹಜವಾಗಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದು ಯಾರಿಗೂ ಅರ್ಥವಾಗಲಿಲ್ಲ. ನಮ್ಮೂರಿನಲ್ಲಿ ಇಲ್ಲದ ಕಾಯಿಲೆಗೆ ಅಷ್ಟು ದೂರ ಹೋಗಿ ಏಕೆ ಓದಬೇಕು ಎಂದು ನನ್ನ ತಂದೆ ಕೇಳಿದ್ದರು. ನಮ್ಮೂರಿನಲ್ಲೂ ಆ ಕಾಯಿಲೆ ಇತ್ತು, ಬೇರೆ ಜಾಗದಲ್ಲಿ ಬೇರೆ ರೂಪದಲ್ಲಿ ಇತ್ತು ಎಂದು ಅವರಿಗೆ ಹೇಳುವಷ್ಟು ಆಗ ನನಗೇ ಗೊತ್ತಿರಲಿಲ್ಲ.

ನಾನು ಸಿಡ್ನಿ ತಲುಪಿದ 2008ರ ಹೊತ್ತಿಗೆ ಈ ಕ್ಷೇತ್ರ ದೊಡ್ಡ ನಿರೀಕ್ಷೆಯಲ್ಲಿತ್ತು. 2002ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ತಂಡವು ಮೆಲನೋಮಾಗಳಲ್ಲಿ ಬಿ-ರಾಫ್ ಎಂಬ ಜೀನ್ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಕೆಟ್ಟಿರುವುದನ್ನು ಕಂಡುಹಿಡಿದಿತ್ತು. ಆ ಜೀನ್ ಮಾಡುವ ಪ್ರೋಟೀನಿನ 600ನೆಯ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಗ್ಲುಟಾಮಿಕ್ ಆಮ್ಲ ಬಂದು ಕೂತರೆ, ಕೋಶಕ್ಕೆ ಬೆಳೆಯಲು ಹೇಳುವ ಸಂಕೇತ ನಿಲ್ಲದೆ ಹೊರಡುತ್ತಲೇ ಇರುತ್ತದೆ. ವಿ600ಇ ಎಂದು ಕರೆಯುವುದು ಇದನ್ನೇ. ಬಿಸಿಲು ಆಗಾಗ ತಾಕುವ ಚರ್ಮದ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಬಿ-ರಾಫ್ ದೋಷವಿರುತ್ತದೆ. ಅದುವರೆಗೆ ದೇಹದಲ್ಲಿ ಹರಡಿದ ಮೆಲನೋಮಾಕ್ಕೆ ಇದ್ದ ಮುಖ್ಯ ಔಷಧಿ 1975ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಡಕಾರ್ಬಜೀನ್. ಅದರಿಂದ ಗಡ್ಡೆ ಕುಗ್ಗುತ್ತಿದ್ದುದು ಹತ್ತು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ, ಅದೂ ಕೆಲವು ತಿಂಗಳ ಮಟ್ಟಿಗೆ.

ಪ್ರಯೋಗಾಲಯದಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ರೋಗಿಯ ಬ್ಲಾಕಿನಿಂದ ಡಿಎನ್‌ಎ ತೆಗೆದು ಈ ದೋಷವಿದೆಯೇ ಎಂದು ನೋಡುವುದು. ಕೇಳಲು ಸರಳ. ಆದರೆ ಮೊದಲ ವಾರಗಳಲ್ಲಿ ಅತ್ಯಂತ ಕಪ್ಪಾದ ಗಡ್ಡೆಗಳ ಪರೀಕ್ಷೆಯೇ ಖಾಲಿ ಬರುತ್ತಿತ್ತು. ಗಡ್ಡೆಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಡಿಎನ್‌ಎ ಜೊತೆಗೇ ಹೊರಬಂದು, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆ ನಡೆಸುವ ಕಿಣ್ವವನ್ನು ತಡೆದುಬಿಡುತ್ತದೆ. ಮಾದರಿಯನ್ನು ತೆಳು ಮಾಡುವುದು, ಗೋವಿನ ರಕ್ತಸಾರದ ಆಲ್ಬುಮಿನ್ ಬೆರೆಸುವುದು, ಇನ್ನೊಮ್ಮೆ ಶುದ್ಧೀಕರಿಸುವುದು, ಇವೆಲ್ಲವನ್ನೂ ನಾನು ತಪ್ಪುಮಾಡಿ ತಪ್ಪುಮಾಡಿಯೇ ಕಲಿತೆ. ಮುಂದೆ ವಿ600ಇ ಪ್ರೋಟೀನನ್ನೇ ಗುರುತಿಸುವ ಪ್ರತಿಕಾಯ ಬಂದಾಗಲೂ ಇದೇ ತೊಡಕು ಇನ್ನೊಂದು ರೂಪದಲ್ಲಿ ಎದುರಾಯಿತು. ಸಾಮಾನ್ಯವಾಗಿ ಬಳಸುವ ಬಣ್ಣ ಕಂದು, ಮೆಲನಿನ್ ಕೂಡ ಕಂದು. ಯಾವುದು ಪರೀಕ್ಷೆಯ ಫಲ, ಯಾವುದು ಗಡ್ಡೆಯ ಸ್ವಂತ ಬಣ್ಣ ಎಂದು ಸೂಕ್ಷ್ಮದರ್ಶಕದಲ್ಲಿ ಹೇಳಲಾಗದೆ, ಕೊನೆಗೆ ಕೆಂಪು ಬಣ್ಣ ಕೊಡುವ ರಾಸಾಯನಿಕಕ್ಕೆ ಬದಲಾಯಿಸಿದೆವು.

2011ರ ಆಗಸ್ಟಿನಲ್ಲಿ ವೆಮುರಾಫೆನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ಬಿ-ರಾಫ್ ದೋಷವಿದ್ದವರಿಗೆ ಮಾತ್ರ ಕೊಡುವ ಔಷಧಿ ಅದು. ಯಕೃತ್ತು, ಶ್ವಾಸಕೋಶಗಳ ತುಂಬ ಕಪ್ಪು ಚುಕ್ಕೆಗಳಿದ್ದ ಸ್ಕ್ಯಾನ್ ಎರಡೇ ವಾರಗಳಲ್ಲಿ ಬಹುತೇಕ ಸ್ವಚ್ಛವಾದುದನ್ನು ನೋಡಿದ ದಿನ ನಮ್ಮಲ್ಲಿ ಯಾರೂ ಬೇಗ ಮನೆಗೆ ಹೋಗಲಿಲ್ಲ. ಆರೇಳು ತಿಂಗಳಲ್ಲಿ ಅದೇ ರೋಗಿಗಳಲ್ಲಿ ಬಹಳ ಮಂದಿಗೆ ಗಡ್ಡೆಗಳು ಹಳೆಯ ಜಾಗಗಳಲ್ಲೇ ಮರಳಿದವು. ಈ ನಡುವೆ ಕೆಲವರ ಚರ್ಮದಲ್ಲಿ ಇನ್ನೊಂದು ಬಗೆಯ ಕ್ಯಾನ್ಸರ್, ಮೇಲ್ಪದರದ ಸ್ಕ್ವಾಮಸ್ ಕೋಶದ್ದು, ಸಣ್ಣ ಗುಳ್ಳೆಗಳಾಗಿ ಏಳುತ್ತಿತ್ತು. ಕತ್ತರಿಸಿ ತಂದ ಆ ಗುಳ್ಳೆಗಳ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ಅವುಗಳಲ್ಲಿ ಹಲವಕ್ಕೆ, ಅದೇ ಸಂಕೇತದಲ್ಲಿ ಬಿ-ರಾಫ್‌ನ ಹಿಂದಿನ ಮೆಟ್ಟಿಲಾದ ರಾಸ್ ಜೀನಿನ ದೋಷ ಮೊದಲೇ ಇತ್ತು. ಬಿ-ರಾಫ್ ಸರಿಯಾಗಿದ್ದು ರಾಸ್ ಕೆಟ್ಟಿರುವ ಕೋಶದಲ್ಲಿ ಈ ಮಾತ್ರೆ ಸಂಕೇತವನ್ನು ತಡೆಯುವುದರ ಬದಲು ಹೆಚ್ಚಿಸುತ್ತದೆ. ಒಬ್ಬರ ದೇಹದಲ್ಲೇ ಒಂದು ಕೋಶಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಗೊಬ್ಬರವಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ, 'ಈ ಜೀನಿಗೆ ಈ ಮಾತ್ರೆ' ಎಂಬ ಸರಳ ಲೆಕ್ಕದ ಮೇಲಿದ್ದ ನನ್ನ ನಂಬಿಕೆ ಹೋಯಿತು. ಸಂಕೇತದ ಮುಂದಿನ ಮೆಟ್ಟಿಲಾದ ಮೆಕ್ ಅನ್ನೂ ಒಟ್ಟಿಗೆ ತಡೆಯುವ ಜೋಡಿ ಔಷಧಿಗಳು 2014ರಿಂದ ಬಳಕೆಗೆ ಬಂದ ಮೇಲೆ ಈ ಗುಳ್ಳೆಗಳು ಕಡಿಮೆಯಾದವು, ರೋಗ ಮರುಕಳಿಸುವುದೂ ನಿಧಾನವಾಯಿತು.

ನನ್ನ ಪಿಎಚ್‌ಡಿಯ ವಿಷಯ ಮಾತ್ರ ಬೇರೆ ಕಡೆಗೆ ತಿರುಗಿತ್ತು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೋರಿಸ್ ಬಾಸ್ಟಿಯನ್ ಅವರ ತಂಡ 126 ಮೆಲನೋಮಾಗಳನ್ನು ಹುಟ್ಟಿದ ಜಾಗದ ಪ್ರಕಾರ ವಿಂಗಡಿಸಿ ಅಧ್ಯಯನ ಮಾಡಿ, ಅಂಗೈ, ಅಂಗಾಲು, ಉಗುರಿನಡಿಯ ಮೆಲನೋಮಾ ಜೀನುಗಳ ಮಟ್ಟದಲ್ಲಿಯೇ ಬೇರೆ ರೋಗ ಎಂದು ತೋರಿಸಿತ್ತು. ಇದಕ್ಕೆ ಏಕ್ರಲ್ ಮೆಲನೋಮಾ ಎಂದು ಹೆಸರು. ಬಿ-ರಾಫ್ ದೋಷ ಇಲ್ಲಿ ಕಡಿಮೆ. ವರ್ಣತಂತುಗಳ ತುಂಡುಗಳು ಹಲವು ಪಟ್ಟು ಹೆಚ್ಚಾಗಿರುವುದು, ಇಲ್ಲವೇ ಕಳೆದುಹೋಗಿರುವುದು ಇಲ್ಲಿನ ಲಕ್ಷಣ. ಮರುವರ್ಷ ಅದೇ ತಂಡ ಈ ಗುಂಪಿನ ಕೆಲವು ಗಡ್ಡೆಗಳಲ್ಲಿ ಕಿಟ್ ಎಂಬ ಜೀನಿನ ದೋಷವನ್ನು ಕಂಡಿತು. ಆಸ್ಟ್ರೇಲಿಯಾದ ಬಿಳಿಯರ ಮೆಲನೋಮಾಗಳಲ್ಲಿ ಏಕ್ರಲ್ ಬಗೆ ತೀರಾ ಸಣ್ಣ ಪಾಲು. ಏಷ್ಯಾ, ಆಫ್ರಿಕಾಗಳ ಜನರಲ್ಲಿ ಅದು ಬಹುಪಾಲು. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿ ಅವರ ರೋಗ ಮೊದಲು ಕಂಡದ್ದು ಕಾಲ್ಬೆರಳಿನ ಉಗುರಿನಡಿಯಲ್ಲಿಯೇ. ಬಾಸ್ಟಿಯನ್ ತಂಡದ ಪ್ರಬಂಧ ಓದುವಾಗ ನನಗೆ ಬೆಂಗಳೂರಿನ ಆ ಹೆಬ್ಬೆರಳು ನೆನಪಾಯಿತು. ಅಲ್ಲಿನ ಹಳೆಯ ಬ್ಲಾಕ್‌ಗಳನ್ನು ಪರೀಕ್ಷಿಸಲು ಯೋಜನೆ ಬರೆದೆ, ನೀತಿ ಸಮಿತಿಗಳ ಒಪ್ಪಿಗೆಗಾಗಿ ಬಹಳ ಕಾಲ ಕಾದೆ, 2010ರಲ್ಲಿ ಬ್ಲಾಕ್‌ಗಳು ಕೈಸೇರಿದವು.

ಅಂಗಾಲಿನ ಗಡ್ಡೆಗಳಿಂದ ಸಾಕಷ್ಟು ಡಿಎನ್‌ಎ ಬಂತು. ಉಗುರಿನಡಿಯವು ಬಹುತೇಕ ಏನನ್ನೂ ಕೊಡಲಿಲ್ಲ, ನನ್ನ ಕೈಬರಹದ ಸಂಖ್ಯೆಯಿದ್ದ ಆ ಹೆಬ್ಬೆರಳಿನ ಬ್ಲಾಕ್ ಕೂಡ. ಪ್ರಬಲ ಆಮ್ಲ ಮೂಳೆಯ ಸುಣ್ಣವನ್ನು ಕರಗಿಸುವಾಗಲೇ ಡಿಎನ್‌ಎಯನ್ನೂ ಚೂರುಚೂರು ಮಾಡಿರುತ್ತದೆ. ಸ್ಲೈಡಿನಲ್ಲಿ ಕೋಶಗಳು ಚೆನ್ನಾಗಿಯೇ ಕಾಣುತ್ತವೆ, ಆದ್ದರಿಂದ ಹಾನಿಯಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಆ ರೈತರ ಗಡ್ಡೆಯಲ್ಲಿ ಕಿಟ್ ದೋಷವಿತ್ತೋ ಇಲ್ಲವೋ ಎಂಬುದು ಇನ್ನು ಯಾವತ್ತಿಗೂ ತಿಳಿಯದ ವಿಷಯ. ಅದಕ್ಕೆ ಕಾರಣ ನಾನು. ಈ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇನೆ.

ಆಮೇಲೆ ನಾನು ರೂಢಿಸಿಕೊಂಡ ಕ್ರಮ ಇದು. ಬೆರಳು ಬಂದ ಕೂಡಲೇ, ಆಮ್ಲದ ಹತ್ತಿರಕ್ಕೂ ಒಯ್ಯದೆ, ಮೂಳೆಗೆ ಅಂಟದ ಮೆತ್ತನೆಯ ಗಡ್ಡೆಯ ಭಾಗವನ್ನು ಬ್ಲೇಡಿನಿಂದ ಬೇರ್ಪಡಿಸಿ ಅದಕ್ಕೆ ಪ್ರತ್ಯೇಕ ಬ್ಲಾಕ್ ಮಾಡಬೇಕು. ಮೂಳೆಯ ಭಾಗವನ್ನು, ಸುಣ್ಣವನ್ನು ನಿಧಾನವಾಗಿ ಸೆಳೆದುಕೊಳ್ಳುವ ಇಡಿಟಿಎ ದ್ರಾವಣದಲ್ಲಿ ಇಡಬೇಕು. ಆಮ್ಲ ಒಂದೆರಡು ದಿನದಲ್ಲಿ ಮುಗಿಸುವ ಕೆಲಸಕ್ಕೆ ಅದು ವಾರಗಳನ್ನು ತೆಗೆದುಕೊಳ್ಳುತ್ತದೆ, ಆದರೆ ಡಿಎನ್‌ಎ ಉಳಿಯುತ್ತದೆ. ಫಾರ್ಮಾಲಿನ್ ಶೇ 10ರದ್ದಾಗಿರಬೇಕು, ಬಫರ್ ಬೆರೆತಿರಬೇಕು, ತುಂಡಿನ ಹತ್ತು ಪಟ್ಟಾದರೂ ಇರಬೇಕು. ಬಫರ್ ಇಲ್ಲದ ಫಾರ್ಮಾಲಿನ್ ಶೀಷೆಯಲ್ಲಿ ಕೂತಲ್ಲೇ ಹುಳಿಯಾಗುತ್ತದೆ. ಆರು ಗಂಟೆಗಿಂತ ಕಡಿಮೆ ಇಟ್ಟರೆ ಅಂಗಾಂಶ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಎರಡು ಮೂರು ದಿನ ಮೀರಿದರೆ ಡಿಎನ್‌ಎ ಕೆಡುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಶನಿವಾರ ಹೊರಟ ಡಬ್ಬಿ ಬುಧವಾರ ತಲುಪುವುದು ನಮ್ಮಲ್ಲಿ ಸಾಮಾನ್ಯ, ಹಾಗಾಗಿ ಡಬ್ಬಿಯ ಮೇಲೆ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಯಿರಿ ಎಂದು ಕೇಳಿಕೊಳ್ಳಲು ಶುರುಮಾಡಿದೆ. ಅನುಮೋದನೆ ಪಡೆದ ಯಾವ ದುಬಾರಿ ಯಂತ್ರಕ್ಕಿಂತಲೂ ಈ ಒಂದು ಸಾಲಿನ ಬರಹದಿಂದ ನಮ್ಮ ಪರೀಕ್ಷೆಗಳು ಸುಧಾರಿಸಿದವು ಎಂಬುದು ನನ್ನ ಖಚಿತ ಅಭಿಪ್ರಾಯ.

ಫಾರ್ಮಾಲಿನ್ ಇನ್ನೊಂದು ಬಲೆಯನ್ನೂ ಒಡ್ಡುತ್ತದೆ, ಅದಕ್ಕೆ ನಾನೂ ಸಿಕ್ಕಿದ್ದೆ. ಬಿಸಿಲಿನ ಅತಿನೇರಳೆ ಕಿರಣ ಡಿಎನ್‌ಎ ಮೇಲೆ ಬಿಡುವ ಗುರುತೆಂದರೆ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸೀನ್ ಇದ್ದ ಕಡೆ ಇನ್ನೊಂದಾದ ಥೈಮೀನ್ ಬರುವುದು. ಫಾರ್ಮಾಲಿನ್‌ನಲ್ಲಿ ಹಳತಾದ ಡಿಎನ್‌ಎಯಲ್ಲಿಯೂ ಸೈಟೋಸೀನ್ ಕೆಟ್ಟು ಅದೇ ಬದಲಾವಣೆಯಂತೆ ಓದಿಬರುತ್ತದೆ. ನನ್ನ ಮೊದಲ ಅಂಗಾಲಿನ ಮಾದರಿಗಳಲ್ಲಿ ಇಂಥ ಬದಲಾವಣೆಗಳು ಸಾಲುಸಾಲಾಗಿ ಕಂಡಾಗ, ಬರಿಗಾಲಿನಲ್ಲಿ ಬಿಸಿಲಿನಲ್ಲಿ ದುಡಿಯುವವರ ಪಾದಕ್ಕೂ ಸೂರ್ಯನ ಹಾನಿ ತಟ್ಟಿದೆ ಎಂದು ನಾನು ಉತ್ಸಾಹದಿಂದ ಕರಡು ಬರೆದಿದ್ದೆ. ಅದನ್ನು ನಿಲ್ಲಿಸಿದವರು ನನ್ನ ಮಾರ್ಗದರ್ಶಕರು. ಬಿಸಿಲಿನ ಹಾನಿಯಾದರೆ ಅಕ್ಕಪಕ್ಕದ ಎರಡು ಸೈಟೋಸೀನ್ ಒಟ್ಟಿಗೆ ಬದಲಾದದ್ದೂ ಅಲ್ಲಲ್ಲಿ ಸಿಗಬೇಕು, ಬದಲಾವಣೆ ಗಡ್ಡೆಯ ಹೆಚ್ಚಿನ ಕೋಶಗಳಲ್ಲಿ ಇರಬೇಕು. ನನ್ನವು ನೂರರಲ್ಲಿ ಒಂದೆರಡು ಪ್ರತಿಗಳಲ್ಲಿ ಮಾತ್ರ ಇದ್ದವು. ಕೆಟ್ಟ ಸೈಟೋಸೀನನ್ನು ಕತ್ತರಿಸಿ ತೆಗೆಯುವ ಕಿಣ್ವದಿಂದ ಡಿಎನ್‌ಎಯನ್ನು ಮೊದಲೇ ಸಂಸ್ಕರಿಸಿ ಮತ್ತೆ ಓದಿದಾಗ ಆ ಸಾಲುಗಳೆಲ್ಲ ಮಾಯವಾದವು. ಮುಂದೆ 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 183 ಮೆಲನೋಮಾಗಳ ಸಂಪೂರ್ಣ ಜೀನೋಮ್ ಪ್ರಕಟಿಸಿದಾಗ, ಏಕ್ರಲ್ ಗಡ್ಡೆಗಳಲ್ಲಿ ಬಿಸಿಲಿನ ಗುರುತು ಹೆಚ್ಚಿನವುಗಳಲ್ಲಿ ಪ್ರಧಾನವಾಗಿಲ್ಲ ಎಂಬುದು ಸ್ಪಷ್ಟವಾಯಿತು. ಆ ಕರಡು ಅಚ್ಚಾಗಿದ್ದರೆ ನಾನು ಕೆಲವು ವರ್ಷ ತಪ್ಪು ದಾರಿಯಲ್ಲಿ ನಡೆಯುತ್ತಿದ್ದೆ, ಇತರರನ್ನೂ ನಡೆಸುತ್ತಿದ್ದೆ.

2014ರಿಂದ ನಾನು ವರ್ಷದ ಕೆಲವು ತಿಂಗಳು ಮೈಸೂರಿನಲ್ಲಿ ಇರತೊಡಗಿದೆ. ಅಲ್ಲಿ ಹುಣಸೂರು ಕಡೆಯ ಒಬ್ಬ ವಯಸ್ಸಾದ ತಾಯಿ ಹಿಮ್ಮಡಿಯಲ್ಲಿ ಕರಿಯ ಹುಣ್ಣು, ತೊಡೆಸಂದಿನಲ್ಲಿ ನಿಂಬೆಗಾತ್ರದ ಗಂಟು ಹೊತ್ತು ಬಂದರು. "ಮುಳ್ಳು ಚುಚ್ಚಿತ್ತು ಕಣವ್ವ, ಅದೇ ಒಳಗೆ ಉಳ್ಕಂಡು ಕಪ್ಪಾಗದೆ" ಎಂದರು. ಮುಳ್ಳಿನಿಂದಲೇ ಬಂತೆಂದು ಹೇಳಲು ಆಧಾರವಿಲ್ಲ. ಆದರೆ ಅಂಗಾಲಿನಲ್ಲಿ ಭಾರ ಬೀಳುವ ಜಾಗಗಳಲ್ಲೇ, ಅಂದರೆ ಹಿಮ್ಮಡಿ ಮತ್ತು ಬೆರಳುಗಳ ಬುಡದಲ್ಲೇ, ಈ ಗಡ್ಡೆ ಹೆಚ್ಚು ಎಂದು ಜಪಾನಿನ ವೈದ್ಯರು ತೋರಿಸಿದ್ದಾರೆ. ಅದೇ ಜಪಾನಿನ ತೋಶಿಯಾಕಿ ಸೈದಾ ಅವರು ಕಲಿಸಿದ ಇನ್ನೊಂದು ಪಾಠವನ್ನು ನಾನು ಮೈಸೂರಿನ ಕಿರಿಯ ವೈದ್ಯರಿಗೆಲ್ಲ ತೋರಿಸುತ್ತೇನೆ. ಅಂಗಾಲಿನ ಗೆರೆಗಳನ್ನು ಡರ್ಮೋಸ್ಕೋಪ್ ಎಂಬ, ಚರ್ಮ ನೋಡುವ ಬೆಳಕಿನ ಭೂತಗನ್ನಡಿಯಲ್ಲಿ ನೋಡಿದಾಗ ಕಪ್ಪು ಬಣ್ಣ ಗೆರೆಗಳ ತಗ್ಗಿನಲ್ಲಿದ್ದರೆ ಸಾಮಾನ್ಯವಾಗಿ ಅದು ನಿರಪಾಯದ ಮಚ್ಚೆ, ಏಣಿನ ಮೇಲಿದ್ದರೆ ಮೆಲನೋಮಾ ಎಂದು ಶಂಕಿಸಿ ಬಯಾಪ್ಸಿ ಮಾಡಬೇಕು. ಆಣಿ, ಸಕ್ಕರೆ ಕಾಯಿಲೆಯ ಹುಣ್ಣು, ಉಗುರುಸುತ್ತು ಎಂದು ತಿಂಗಳುಗಟ್ಟಲೆ ಕಳೆದುಹೋಗುವ ಎಷ್ಟೋ ರೋಗಿಗಳನ್ನು ಅಂಗೈಯಗಲದ ಈ ಉಪಕರಣ ಮೊದಲ ದಿನವೇ ಹಿಡಿಯಬಲ್ಲದು.

ಆ ತಾಯಿಯ ಗಂಟಿನಿಂದ ತೆಗೆದ ತುಣುಕನ್ನು ನಾನೇ ಫಾರ್ಮಾಲಿನ್‌ಗೆ ಹಾಕಿದೆ, ಗಂಟೆ ಬರೆದೆ. ಪರೀಕ್ಷೆಯಲ್ಲಿ ಬಿ-ರಾಫ್ ಸರಿಯಾಗಿತ್ತು. ಕಿಟ್ ಜೀನಿನ ಎಕ್ಸಾನ್ ಎಂಬ ಭಾಗಗಳ ಪೈಕಿ 11ನೆಯ ಎಕ್ಸಾನ್‌ನಲ್ಲಿ ದೋಷವಿತ್ತು.

ಈ ಫಲಿತಾಂಶಕ್ಕೆ ನಮ್ಮ ದೇಶದಲ್ಲಿ ವಿಶೇಷ ಬೆಲೆಯಿದೆ. ಕಿಟ್ ದೋಷವನ್ನು ತಡೆಯುವ ಇಮಾಟಿನಿಬ್ ಎಂಬ ಮಾತ್ರೆ ಒಂದು ಬಗೆಯ ರಕ್ತದ ಕ್ಯಾನ್ಸರಿಗಾಗಿ ಬಂದದ್ದು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ, ನಮ್ಮಲ್ಲಿಯೇ ತಯಾರಾಗುವ ಜನರಿಕ್ ಇಮಾಟಿನಿಬ್ ಬಡವರ ಕೈಗೆಟಕುವ ಬೆಲೆಯಲ್ಲಿಯೇ ಉಳಿದಿದೆ. ಕಿಟ್ ದೋಷವಿದ್ದ ಮೆಲನೋಮಾಕ್ಕೆ ಇದನ್ನು ಕೊಟ್ಟು ನೋಡಿದ ಚೀನಾದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. 43 ರೋಗಿಗಳಲ್ಲಿ 10 ಮಂದಿಗೆ ಗಡ್ಡೆ ಗಣನೀಯವಾಗಿ ಕುಗ್ಗಿತ್ತು, ಆ ಹತ್ತರಲ್ಲಿ ಒಂಬತ್ತು ಮಂದಿಯ ದೋಷ 11 ಅಥವಾ 13ನೆಯ ಎಕ್ಸಾನ್‌ನಲ್ಲಿತ್ತು. ಎಲ್ಲರಿಗೂ ಫಲಿಸುವ ಮದ್ದಲ್ಲ, ಫಲಿಸಿದರೂ ಬಹುಕಾಲ ನಿಲ್ಲುವುದು ಅಪರೂಪ. ಆದರೂ ಜಿಲ್ಲಾ ಆಸ್ಪತ್ರೆಯ ರೋಗಿಯೊಬ್ಬರ ಅಂಗಾಲಿನ ಗಡ್ಡೆಯಲ್ಲಿ ಒಂದೇ ಒಂದು ಜೀನನ್ನು ಪರೀಕ್ಷಿಸಲು ಹಣವಿದೆ ಎಂದಾದರೆ, ಸಿಡ್ನಿಯ ಪಟ್ಟಿಯಲ್ಲಿ ಮೊದಲಿರುವ ಬಿ-ರಾಫ್ ಬದಲು ಕಿಟ್ ಅನ್ನೇ ಪರೀಕ್ಷಿಸಿ ಎಂದು ನಾನು ವಾದಿಸುತ್ತಾ ಬಂದಿದ್ದೇನೆ. ಬಿ-ರಾಫ್ ದೋಷ ಸಿಕ್ಕರೂ ಅದರ ಜೋಡಿ ಔಷಧಿಗಳನ್ನು ತಿಂಗಳುಗಟ್ಟಲೆ ಕೊಳ್ಳುವ ಶಕ್ತಿ ಅವರಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಎರಡನ್ನೂ ನೋಡಲೇಬೇಕು ಎಂಬ ಅವರ ಮಾತು ವಿಜ್ಞಾನದ ದೃಷ್ಟಿಯಿಂದ ಸರಿಯೇ. ನಾನು ಮಾತನಾಡುತ್ತಿರುವುದು ಎರಡಕ್ಕೂ ಹಣವಿಲ್ಲದವರ ಬಗ್ಗೆ.

ಈ ವರ್ಷಗಳಲ್ಲಿ ಚಿಕಿತ್ಸೆಯ ನಕ್ಷೆಯನ್ನು ಬದಲಾಯಿಸಿದ್ದು ಜೀನಿನ ಮಾತ್ರೆಗಳಿಗಿಂತ ಹೆಚ್ಚಾಗಿ, ದೇಹದ ರೋಗನಿರೋಧಕ ಕೋಶಗಳ ಕಡಿವಾಣವನ್ನು ಬಿಚ್ಚುವ ಔಷಧಿಗಳು. 2011ರಲ್ಲಿ ಇಪಿಲಿಮುಮಾಬ್, 2014ರಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಬಂದವು. ಇವುಗಳ ಹಿಂದಿನ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಂದಿತು. ಇಪಿಲಿಮುಮಾಬ್, ನಿವೊಲುಮಾಬ್ ಎರಡನ್ನೂ ಒಟ್ಟಿಗೆ ಪಡೆದವರಲ್ಲಿ ಹತ್ತು ವರ್ಷಗಳ ನಂತರವೂ ಶೇ 43ರಷ್ಟು ಮಂದಿ ಬದುಕಿದ್ದರು ಎಂಬ ವರದಿ 2024ರಲ್ಲಿ ಬಂತು. ಡಕಾರ್ಬಜೀನ್ ಕಾಲದಲ್ಲಿ ಹತ್ತು ತಿಂಗಳ ಲೆಕ್ಕ ಹಾಕುತ್ತಿದ್ದವರಿಗೆ ಈ ಸಂಖ್ಯೆಯ ಅರ್ಥ ಗೊತ್ತು. ಬಿ-ರಾಫ್ ದೋಷವಿದ್ದವರಿಗೂ ಮೊದಲು ಇವನ್ನೇ ಕೊಟ್ಟು ಆಮೇಲೆ ಮಾತ್ರೆಗೆ ಹೋದರೆ ಎರಡು ವರ್ಷದಲ್ಲಿ ಬದುಕಿರುವವರು ಶೇ 71.8, ತಿರುವುಮುರುವಾದರೆ ಶೇ 51.5 ಎಂದು ಇನ್ನೊಂದು ಅಧ್ಯಯನ ತೋರಿಸಿತು. ಯಾವ ಔಷಧಿ ಎಂಬುದರಷ್ಟೇ ಯಾವುದು ಮೊದಲು ಎಂಬುದೂ ರೋಗಿಗೆ ತಕ್ಕ ಚಿಕಿತ್ಸೆಯ ಭಾಗವಾಯಿತು.

ಈಗ ಮುಂಚೂಣಿಯಲ್ಲಿರುವುದು ಒಬ್ಬ ರೋಗಿಗಾಗಿಯೇ ತಯಾರಿಸುವ ಎಂಆರ್‌ಎನ್‌ಎ ಲಸಿಕೆ. ರೋಗಿಯ ಗಡ್ಡೆ ಮತ್ತು ರಕ್ತ ಎರಡರ ಡಿಎನ್‌ಎಯನ್ನೂ ಓದಿ, ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆಗಳಲ್ಲಿ 34ರವರೆಗೆ ಆರಿಸಿ ಲಸಿಕೆಗೆ ಸೇರಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ 157 ರೋಗಿಗಳ ಪ್ರಯೋಗದಲ್ಲಿ, ಪೆಂಬ್ರೊಲಿಜುಮಾಬ್ ಒಂದನ್ನೇ ಪಡೆದವರಿಗಿಂತ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರುಕಳಿಸುವ ಅಥವಾ ಸಾವಿನ ಅಪಾಯ ಶೇ 44ರಷ್ಟು ಕಡಿಮೆ ಕಂಡಿತು. ಇದರ ಬಗ್ಗೆ ನನಗೆ ನಿಜವಾದ ಭರವಸೆಯಿದೆ. ಆತಂಕವೂ ಅಷ್ಟೇ ಇದೆ. ಬಿಸಿಲಿನಿಂದ ಹುಟ್ಟಿದ ಗಡ್ಡೆಯಲ್ಲಿ ಬದಲಾವಣೆಗಳು ಸಾವಿರಾರು, ಲಸಿಕೆಗೆ ಆರಿಸಿಕೊಳ್ಳಲು ಬೇಕಾದಷ್ಟು ಇರುತ್ತವೆ. ಅಂಗಾಲಿನ ಗಡ್ಡೆಯಲ್ಲಿ ಅವು ಬಹಳ ಕಡಿಮೆ, ರೋಗನಿರೋಧಕ ಔಷಧಿಗಳಿಗೂ ಅದು ಅಷ್ಟಾಗಿ ಮಣಿಯುವುದಿಲ್ಲ. ಅಂಥ ಗಡ್ಡೆಯಲ್ಲಿ ಸಿಗುವ ಕೆಲವೇ ಗುರಿಗಳನ್ನು ತಪ್ಪದೆ ಹಿಡಿಯಬೇಕಾದರೆ ಡಿಎನ್‌ಎ ಇನ್ನೂ ಶುದ್ಧವಾಗಿರಬೇಕು, ಫಾರ್ಮಾಲಿನ್ ತರುವ ಸುಳ್ಳು ಬದಲಾವಣೆಯೊಂದು ಲಸಿಕೆಯೊಳಗೆ ಸೇರಬಾರದು. ಈಗ ನನ್ನ ತಂಡ ಮಾಡುತ್ತಿರುವ ಕೆಲಸ ಇದೇ.

ಆ ತಾಯಿಗೆ ಇಮಾಟಿನಿಬ್ ಫಲಿಸಿತು. ತೊಡೆಸಂದಿನ ಗಂಟು ಎರಡು ತಿಂಗಳಲ್ಲಿ ಅಡಕೆಯಷ್ಟಾಯಿತು, ಹುಣ್ಣಿನ ಸ್ರಾವ ನಿಂತಿತು, ಮಗನ ಬೈಕಿನ ಹಿಂದೆ ಕೂತು ಅವರು ತಪಾಸಣೆಗೆ ತಾವೇ ಬರುತ್ತಿದ್ದರು. ಹನ್ನೊಂದನೆಯ ತಿಂಗಳಲ್ಲಿ ಗಂಟು ಮತ್ತೆ ಬೆಳೆಯಿತು, ಶ್ವಾಸಕೋಶಕ್ಕೂ ಹರಡಿತು. ಆಗ ಕೊಡಬಹುದಾಗಿದ್ದ ರೋಗನಿರೋಧಕ ಔಷಧಿಯ ಬೆಲೆ ಕೇಳಿ ಅವರ ಮಗ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೂಡ ಪ್ರಯೋಜನ ಕೊಡುತ್ತದೆ ಎಂದು ತೋರಿಸಿದ್ದು ಇದಾಗಿ ಎಷ್ಟೋ ವರ್ಷಗಳ ನಂತರ. ಮೆಲನೋಮಾದಲ್ಲಿ ರೂಢಿಯಲ್ಲಿರುವ 240 ಮಿಲಿಗ್ರಾಂನ ಹನ್ನೆರಡನೆಯ ಒಂದು ಪಾಲು ಅದು. ಅಂಗಾಲಿನ ಮೆಲನೋಮಾದಲ್ಲಿಯೂ ಅಂಥ ಪ್ರಯೋಗ ನಡೆಯಬೇಕೆಂದು ನಾನು ಸಿಕ್ಕ ಸಭೆಗಳಲ್ಲೆಲ್ಲ ಕೇಳುತ್ತಿದ್ದೇನೆ.

ತೀರಿಕೊಳ್ಳುವ ಮೊದಲು ಆ ತಾಯಿ ಎರಡನೆಯ ಬಯಾಪ್ಸಿಗೂ ಒಪ್ಪಿದ್ದರು. ಮದ್ದು ಏಕೆ ನಿಂತಿತು ಎಂದು ನೋಡಲು ಎಂದು ವಿವರಿಸಿದಾಗ, "ನನಗಲ್ದಿದ್ರೂ ಇನ್ನೊಬ್ಬರಿಗೆ ಆಗ್ಲಿ, ತಕ್ಕೊ ಮಗ" ಎಂದರು. ಎರಡೂ ಬ್ಲಾಕ್‌ಗಳು ಗಂಟೆ, ದಿನಾಂಕಗಳ ಸಮೇತ ಮೈಸೂರಿನಲ್ಲಿ ಭದ್ರವಾಗಿವೆ. ನಾಲ್ಕು ಮೈಕ್ರಾನ್ ದಪ್ಪದ ಪದರಗಳನ್ನು ಇನ್ನೂ ಹತ್ತಾರು ಕತ್ತರಿಸುವಷ್ಟು ಅಂಗಾಂಶ ಅವುಗಳಲ್ಲಿ ಉಳಿದಿದೆ.